ಅಲ್ಲಿಗೆ ಹೋಗುವವರಿಗೆ ನಮ್ಮ ಭಾವನ ಸಲಹೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಲಿಫ್ಟ್ ರಿಪೇರಿ ಮಾಡುವವರು. ಊರಿನ ಹದಿನೇಳು ಕಟ್ಟಡಗಳ ಲಿಫ್ಟುಗಳು ಅವರ ಉಸ್ತುವಾರಿಯಲ್ಲಿವೆ. ಆದರೆ ಅವರನ್ನು ಹುಡುಕಿಕೊಂಡು ಮನೆಗೆ ಬರುವವರು ಲಿಫ್ಟ್ ಕೆಟ್ಟಿದೆ ಎಂದು ಬರುವುದಿಲ್ಲ. ಪಕ್ಕದ ದೇಶಕ್ಕೆ ಬಿಡಾರ ಎತ್ತುವ ಮುಂಚೆ ಏನೇನು ತಿಳಿದಿರಬೇಕು ಎಂದು ಕೇಳಲು ಬರುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ ಭಾವ ಆ ದೇಶದಲ್ಲಿ ಹನ್ನೊಂದು ತಿಂಗಳು ಕೆಲಸ ಮಾಡಿ ಬಂದಿದ್ದರು. ನಮ್ಮಪ್ಪ ಅಕ್ಕನನ್ನು ಅವರಿಗೆ ಕೊಟ್ಟದ್ದೇ ಆ ಹನ್ನೊಂದು ತಿಂಗಳನ್ನು ನೋಡಿ. ಹುಡುಗ ಹೊರದೇಶ ಕಂಡವನು, ಎಲ್ಲಿ ಬಿಟ್ಟರೂ ಬದುಕಿಕೊಳ್ಳುತ್ತಾನೆ ಎಂದು ಅಪ್ಪ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದು ನನಗೆ ನೆನಪಿದೆ.

ಭಾವನ ಬಾಯಲ್ಲಿ ಆ ದೇಶಕ್ಕೆ ಹೆಸರಿಲ್ಲ, ಬರೀ 'ಅಲ್ಲಿ'. ಅಲ್ಲಿ ಹಾಗಲ್ಲ, ಅಲ್ಲಿ ಹೀಗೆ. ಸಾರಿಗೆ ಉಪ್ಪು ಕಡಿಮೆಯಾದರೆ ಅಲ್ಲಿ ಉಪ್ಪಿನ ಡಬ್ಬಿ ಮೇಜಿನ ಮೇಲೇ ಇಡುತ್ತಾರೆ. ನಲ್ಲಿ ಸೋರಿದರೆ ಅಲ್ಲಿ ನಲ್ಲಿ ಸೋರುವುದೇ ಇಲ್ಲ. ನಾನು ಅವರದೇ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೇನೆ, ಕೆಳಗೆ ರಸ್ತೆಯ ತಿರುವಿನಲ್ಲಿ ನನ್ನ ಸೈಕಲ್ ಅಂಗಡಿ. ಹಾಗಾಗಿ ಈ 'ಅಲ್ಲಿ' ಪುರಾಣ ನನ್ನ ಕಿವಿಗೆ ದಿನಕ್ಕೆ ಎರಡು ಹೊತ್ತು ತಪ್ಪದೆ ಬೀಳುತ್ತದೆ.

ಭಾನುವಾರ ಹತ್ತರಿಂದ ಒಂದು ಗಂಟೆಯವರೆಗೆ ಸಲಹೆಯ ಸಮಯ. ಮುಂದಿನ ಕೋಣೆಯಲ್ಲಿ ಕುರ್ಚಿ ಸಾಲದೆ ನನ್ನ ಮನೆಯವೂ ಕೆಳಗಿಳಿಯುತ್ತವೆ. ಭಾವ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ, ಬಂದವರು ನೋಟ್‌ಬುಕ್ ಬಿಚ್ಚುತ್ತಾರೆ. ಮನೆ ಬಾಡಿಗೆಗೆ ಹಿಡಿದ ದಿನವೇ ಗೋಡೆಯಲ್ಲಿರುವ ಮೊಳೆಯ ತೂತುಗಳನ್ನೆಲ್ಲ ಎಣಿಸಿ, ಕಾಗದದ ಮೇಲೆ ಬರೆದು, ಮಾಲೀಕನ ಸಹಿ ಹಾಕಿಸಬೇಕು. ಎರಡು ಕಿವಿಯೂ ಕಾಣುವ ಫೋಟೋ ನಲವತ್ತು ಪ್ರತಿ ಇಟ್ಟುಕೊಂಡಿರಬೇಕು. ಮಕ್ಕಳ ಲಸಿಕೆ ಚೀಟಿಗೆ ಲ್ಯಾಮಿನೇಷನ್ ಮಾಡಿಸಕೂಡದು, ಮಾಡಿಸಿದರೆ ಅಲ್ಲಿಯ ಶಾಲೆಯವರು ಸೀಲು ಎಲ್ಲಿ ಒತ್ತಬೇಕು? ಎಲ್ಲಕ್ಕಿಂತ ಮೊದಲು ಅಲ್ಲಿ ಒಂದು ವಿಳಾಸ ಬೇಕು. ವಿಳಾಸವಿಲ್ಲದೆ ಪರ್ಮಿಟ್ ಇಲ್ಲ, ಪರ್ಮಿಟ್ ಇಲ್ಲದೆ ಬ್ಯಾಂಕ್ ಇಲ್ಲ, ಬ್ಯಾಂಕ್ ಇಲ್ಲದೆ ಮನೆ ಇಲ್ಲ, ಮನೆಯಿಲ್ಲದೆ ವಿಳಾಸವಿಲ್ಲ. ಈ ಜಾಗಕ್ಕೆ ಬಂದಾಗ ಭಾವ ಸ್ವಲ್ಪ ನಿಲ್ಲಿಸಿ ನೀರು ಕುಡಿಯುತ್ತಿದ್ದರು. ಬಂದವರು ಕಣ್ಣು ಕಣ್ಣು ಬಿಡುತ್ತಿದ್ದರು. ಆಮೇಲೆ ಭಾವ ಅದನ್ನು ಬಿಡಿಸುವ ದಾರಿ ಹೇಳುತ್ತಿದ್ದರು, ಅದಕ್ಕೆ ಇನ್ನೊಂದು ಗಂಟೆ.

ಹೋದವರೆಲ್ಲ ಒಂದೆರಡು ತಿಂಗಳಲ್ಲಿ ಅಲ್ಲಿಂದ ಫೋನ್ ಮಾಡಿ, ನಿಮ್ಮಿಂದ ತುಂಬಾ ಉಪಕಾರವಾಯಿತು ಅನ್ನುತ್ತಿದ್ದರು. ಭಾವ ಸ್ಪೀಕರ್ ಹಾಕಿ ಮನೆಯವರಿಗೆಲ್ಲ ಕೇಳಿಸುತ್ತಿದ್ದರು. ನೂರಕ್ಕೆ ಹತ್ತಿರ ಕುಟುಂಬಗಳನ್ನು ಅವರು ಹೀಗೆ ಗಡಿ ದಾಟಿಸಿದ್ದಾರೆ ಎಂದು ಲೆಕ್ಕ. ಅವರು ಮಾತ್ರ ಆ ಹನ್ನೊಂದು ತಿಂಗಳ ನಂತರ ಒಂದು ಸಲವೂ ಗಡಿಯ ಕಡೆ ತಲೆ ಹಾಕಿ ಮಲಗಿದವರಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ. ದೊಡ್ಡವರನ್ನು ಹಾಗೆಲ್ಲ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಹೀಗಿರುವಾಗ ಕೆಲಸ ಬಂದದ್ದು ಅಕ್ಕನಿಗೆ. ಅಕ್ಕ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಟೆಕ್ನಿಷಿಯನ್. ಹದಿನಾರು ವರ್ಷ ಅದೇ ನಾಲ್ಕು ಯಂತ್ರ, ಅದೇ ಕಿಟಕಿಯಿಲ್ಲದ ಕೋಣೆ. ಮೇಲಿನ ಹುದ್ದೆಗೆ ಅವಳು ಕೆಲಸ ಕಲಿಸಿಕೊಟ್ಟ ಹುಡುಗಿಯರೇ ಒಬ್ಬರ ಹಿಂದೊಬ್ಬರು ಹತ್ತಿ ಹೋದರು. ಪಕ್ಕದ ದೇಶದ ಒಂದು ಆಸ್ಪತ್ರೆ ವಿಭಾಗದ ಮುಖ್ಯಸ್ಥೆಯನ್ನು ಹುಡುಕುತ್ತಿದೆ ಎಂದು ಗೊತ್ತಾಗಿ ಯಾರಿಗೂ ಹೇಳದೆ ಅರ್ಜಿ ಹಾಕಿದ್ದಳು. ಆಯ್ಕೆಯಾಯಿತು. ಒಂದನೇ ತಾರೀಖಿಗೆ ಸೇರಬೇಕು, ಅಷ್ಟರೊಳಗೆ ಪರ್ಮಿಟ್ ಆಗದಿದ್ದರೆ ಎರಡನೆಯವರನ್ನು ಕರೆಯುತ್ತೇವೆ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಕೈಯಲ್ಲಿ ಎರಡೂವರೆ ತಿಂಗಳಿತ್ತು. ಅಕ್ಕ ಅವತ್ತು ಎರಡೆರಡು ಮೆಟ್ಟಿಲು ಹಾರಿಕೊಂಡು ಮಹಡಿ ಹತ್ತಿ ಬಂದು ನನಗೆ ಪತ್ರ ತೋರಿಸಿದಳು. ನಲವತ್ಮೂರು ವರ್ಷದ ಹೆಂಗಸು ಹಾಗೆ ಮೆಟ್ಟಿಲು ಹತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಭಾವ ಪತ್ರವನ್ನು ಎರಡು ಸಲ ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡರು. ಇದು ನನಗೆ ಬಿಡು ಅಂದರು. ಹೆಂಡತಿಗೆ ಬಂದ ಕೆಲಸ ಎಂಬ ಕಸಿವಿಸಿ ಮುಖದಲ್ಲಿ ಎಳ್ಳಷ್ಟೂ ಕಾಣಲಿಲ್ಲ, ಆ ಮಟ್ಟಿಗೆ ಅವರನ್ನು ಮೆಚ್ಚಬೇಕು. ನಿಯಮದ ಪ್ರಕಾರ ಮೊದಲು ವಿಳಾಸ. ಅಲ್ಲಿ ತಮ್ಮ ಹಳೆಯ ಮನೆ ಮಾಲೀಕರಿದ್ದಾರೆ, ಮಗನ ಹಾಗೆ ನೋಡಿಕೊಂಡವರು. ಅವರಿಗೆ ರಿಜಿಸ್ಟರ್ಡ್ ಕಾಗದ ಹಾಕುತ್ತೇನೆ, ಅವರ ಒಪ್ಪಿಗೆ ಪತ್ರ ಬಂದ ಮೇಲೆ ಮಿಕ್ಕಿದ್ದು ನೀರು ಕುಡಿದಷ್ಟು ಸುಲಭ ಅಂದರು. ಅಕ್ಕ ತಲೆಯಾಡಿಸಿದಳು. ನಾನೂ ಆಡಿಸಿದೆ. ಆ ಮನೆಯಲ್ಲಿ ತಲೆ ಇರುವುದೇ ಅದಕ್ಕೆ.

ಒಂದು ವಾರ ಹೋಯಿತು, ಮೂರು ಹೋಯಿತು, ಏಳು ಹೋಯಿತು. ಅಕ್ಕ ಕೇಳಿದಾಗಲೆಲ್ಲ ಅಲ್ಲಿ ಯಾವುದೂ ಅವಸರದಲ್ಲಿ ಆಗುವುದಿಲ್ಲ ಎಂಬ ಉತ್ತರ. ಆಮೇಲಾಮೇಲೆ ಅವಳು ಕೇಳುವುದನ್ನು ಬಿಟ್ಟು ಗೇಟಿನ ಹತ್ತಿರ ಅಂಚೆಯವರ ದಾರಿ ಕಾಯತೊಡಗಿದಳು. ಬಟ್ಟೆ ಒಣಹಾಕುವ ನೆಪ, ಗಿಡಕ್ಕೆ ನೀರಿನ ನೆಪ. ನಾನು ಮಹಡಿಯಿಂದ ನೋಡಿಕೊಂಡೇ ಅಂಗಡಿಗೆ ಇಳಿಯುತ್ತಿದ್ದೆ.

ಆಗ ಟೈಲರ್ ಊರಿಗೆ ಬಂದ. ಮೂರು ವರ್ಷದ ಹಿಂದೆ ಇದೇ ಮುಂದಿನ ಕೋಣೆಯಲ್ಲಿ ಒಂದು ಭಾನುವಾರ ಪೂರ್ತಿ ಕೂತು, ಎರಡು ನೋಟ್‌ಬುಕ್ ತುಂಬಿಸಿಕೊಂಡು ಹೋದವನು. ಹಳೆಯ ಅಂಗಡಿ ಖಾಲಿ ಮಾಡಲು ಬಂದಿದ್ದ, ಹೊಲಿಗೆ ಯಂತ್ರ ಸಾಗಿಸಲು ನನ್ನ ಗಾಡಿ ಕೇಳಿದ. ದಾರಿಯಲ್ಲಿ ನಾನು ಅಕ್ಕನ ವಿಷಯ ಹೇಳಿದೆ, ವಿಳಾಸದ ಕಾಗದಕ್ಕೆ ಕಾಯುತ್ತಿದ್ದೇವೆ ಅಂದೆ. ಟೈಲರ್ ನಗುವುದೋ ಬಿಡುವುದೋ ಎಂದು ನನ್ನ ಮುಖ ನೋಡಿದ. ವಿಳಾಸ ಕೇಳುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತಂತೆ. ಕೆಲಸ ಕೊಟ್ಟವರ ಪತ್ರವೊಂದೇ ಸಾಕಂತೆ. ನಲವತ್ತು ಫೋಟೋ ಹಿಡಿದುಕೊಂಡು ಇವನು ಹೋದರೆ, ಪರ್ಮಿಟ್ ಕಚೇರಿಯ ಕೌಂಟರಿನ ಮೇಲೇ ಕ್ಯಾಮೆರಾ ಇತ್ತಂತೆ. ಅಲ್ಲಿಗೆ ಹೋದ ಹಿಂದಿನ ಬೀದಿಯ ಟೀಚರಮ್ಮ ಮೊಳೆಯ ತೂತು ಎಣಿಸುವುದನ್ನು ಕಂಡು ಮಾಲೀಕ ಹೆದರಿ, ಮನೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟನಂತೆ.

ಹಾಗಾದರೆ ಫೋನ್ ಮಾಡಿ ಉಪಕಾರವಾಯಿತು ಅಂದದ್ದು ಯಾಕೆ ಎಂದು ಕೇಳಿದೆ.

"ಇನ್ನೇನು ಹೇಳೋದು? ಪಾಪ, ಅಷ್ಟು ಹೊತ್ತು ಕೂತು ಹೇಳಿದಾರೆ. ದೊಡ್ಡವರಿಗೆ ನೀವು ಹೇಳಿದ್ದೆಲ್ಲ ತಪ್ಪು ಅನ್ನೋಕಾಗುತ್ತಾ?" ಅಂದ. ಎಲ್ಲರೂ ಹಾಗೇ ಮಾಡಿದ್ದು ಎಂದೂ ಸೇರಿಸಿದ.

ನೂರು ಮನೆಯವರು ಅಲ್ಲಿ ಎಡವಿ ಬಿದ್ದು, ಮೊಣಕಾಲು ಸವರಿಕೊಂಡು, ಇಲ್ಲಿಗೆ ಫೋನ್ ಮಾಡಿ ದಾರಿ ಬಹಳ ಚೆನ್ನಾಗಿತ್ತು ಅಂದಿದ್ದಾರೆ. ಹಿಂದೆ ಬರುವವರೂ ಬೀಳಲಿ, ನಮ್ಮ ಮರ್ಯಾದೆಗೆ ಮಾತ್ರ ಕುಂದು ಬಾರದಿರಲಿ. ಆದರೆ ಟೈಲರ್‌ಗೆ ಬೈಯುವ ಬಾಯಿ ನನಗೆಲ್ಲಿತ್ತು? ನಾನೂ ಮನೆಗೆ ಬಂದು, ಭಾವನ ಮುಖ ನೋಡಿ, ಸೀದಾ ಮಹಡಿ ಹತ್ತಿದೆ. ನಾಲ್ಕು ದಿನ ಹೀಗೇ ಕಳೆದೆ. ಐದನೇ ದಿನ ಅಕ್ಕನ ಕಿವಿಗೆ ಮಾತ್ರ ಹಾಕಿದೆ. ಒಂದನೇ ತಾರೀಖಿಗೆ ಆಗ ಹದಿನೆಂಟು ದಿನವಿತ್ತು.

ಮಾರನೆಯ ದಿನ ಶನಿವಾರ, ಅಕ್ಕ ಅರ್ಧ ದಿನ ರಜೆ ಹಾಕಿ, ಭಾವ ಬೀರುವಿನಲ್ಲಿಟ್ಟಿದ್ದ ಪತ್ರ ತೆಗೆದುಕೊಂಡು, ಪೇಟೆಯಲ್ಲಿರುವ ಆ ದೇಶದ ಪರ್ಮಿಟ್ ಕಚೇರಿಗೆ ಹೊರಟಳು, ನನ್ನನ್ನೂ ಕರೆದಳು. ಕೌಂಟರಿನಲ್ಲಿದ್ದ ಹೆಂಗಸು ಆಸ್ಪತ್ರೆಯ ಪತ್ರ ನೋಡಿ, ಫೋಟೋ ತೆಗೆದು, ಬೆರಳಚ್ಚು ತಗೊಂಡು, ಹತ್ತು ದಿನದಲ್ಲಿ ಬರುತ್ತದೆ ಅಂದಳು. ಇಪ್ಪತ್ತು ನಿಮಿಷದ ಕೆಲಸ. ಅದಕ್ಕಾಗಿ ಅಕ್ಕ ಏಳು ವಾರ ಗೇಟು ಕಾಯ್ದಿದ್ದಳು.

ಅರ್ಜಿಯಲ್ಲಿ ಇನ್ನೊಂದು ಕಾಲಂ ಉಳಿದಿತ್ತು. ಗಂಡ ಜೊತೆಗೆ ಬರುತ್ತಾರಾ, ಅವರು ಈ ಮೊದಲು ಅಲ್ಲಿ ವಾಸ ಮಾಡಿದ್ದರಾ? ಮಾಡಿದ್ದಾರೆ, ಹನ್ನೊಂದು ತಿಂಗಳು ಅಂದಳು ಅಕ್ಕ, ಸ್ವಲ್ಪ ಹೆಮ್ಮೆಯಿಂದಲೇ. ಕೌಂಟರಿನ ಹೆಂಗಸು ಹೆಸರು ಮತ್ತು ಹುಟ್ಟಿದ ತಾರೀಖು ಒತ್ತಿದಳು. ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದಾರೆ, ಯಾವುದೂ ಕಳೆದುಹೋಗಿಲ್ಲ. ಆಕೆ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

"ಮೂರನೇ ತಾರೀಖು ಒಳಗೆ ಬಂದಿದಾರೆ, ಅದೇ ತಿಂಗಳು ಇಪ್ಪತ್ತೆರಡಕ್ಕೆ ಹೊರಗೆ ಹೋಗಿದಾರೆ. ಹತ್ತೊಂಬತ್ತು ದಿನ ಆಗುತ್ತೆ. ಆಮೇಲೆ ಬಂದಿಲ್ಲ."

ಅಕ್ಕ ಆ ಸಾಲನ್ನು ಬೆರಳಿಟ್ಟು ಓದಿದಳು. ಗಂಡ ಜೊತೆಗೆ ಬರುತ್ತಾರಾ ಎಂಬುದನ್ನು ಸೋಮವಾರದೊಳಗೆ ತುಂಬಿ ಕೊಟ್ಟರೆ ಸಾಕು, ಹೌದು ಇಲ್ಲ ಎರಡರಲ್ಲೊಂದು ಎಂದಳು ಆ ಹೆಂಗಸು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಭಾವನನ್ನು ಮನಸ್ಸಿನಲ್ಲೇ ಬಾಯಿಗೆ ಬಂದ ಹಾಗೆ ಬೈದೆ. ಅಪ್ಪನನ್ನೂ ಒಂದು ಸುತ್ತು ಬೈದೆ.

ಮರುದಿನ ಭಾನುವಾರ. ಮುಂದಿನ ಕೋಣೆಯಲ್ಲಿ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಕೂತಿದ್ದರು. ಗಂಡ ಬೇಕರಿಯಲ್ಲಿ ಕೆಲಸ ಮಾಡುವವನು, ನೋಟ್‌ಬುಕ್ಕಿನ ಅಂಚಿಗೆ ಗೆರೆ ಕೂಡ ಹಾಕಿಕೊಂಡು ಬಂದಿದ್ದ. ಭಾವ ಪರ್ಮಿಟ್, ಬ್ಯಾಂಕ್, ಮನೆ ಎಂದು ಸುತ್ತು ಹೊಡೆಸುತ್ತಿದ್ದರು. ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು, ಬಂದವರ ಸಾಲಿನಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತಳು. ಮದುವೆಯಾದಾಗಿನಿಂದ ಅವಳು ಅಲ್ಲಿ ಕೂತದ್ದಿಲ್ಲ. ಭಾವ ಮಾತು ನಿಲ್ಲಿಸಿದರು.

"ನಂದೂ ಒಂದು ಪ್ರಶ್ನೆ ಇದೆ. ಹತ್ತೊಂಬತ್ತು ದಿನಕ್ಕೆ ಹೋಗೋರು ಏನೇನು ತಗೊಂಡು ಹೋಗ್ಬೇಕು?" ಅಂದಳು.

ಬೇಕರಿಯವನು ಇದೂ ಪಾಠದ ಭಾಗವೆಂದು ಪೆನ್ನು ಹಿಡಿದು ಕಾದ. ಹದಿನೇಳು ಕಟ್ಟಡಗಳ ಒಡೆಯನಂತಿದ್ದ ಮನುಷ್ಯ ಕುರ್ಚಿಯಲ್ಲಿ ಕುಗ್ಗಿ ಹೋದರು. ಈಗ ಏನಾದರೂ ಹೊಸ ಕತೆ ಕಟ್ಟುತ್ತಾರೆ, ಕಟ್ಟಿದರೆ ನಾನು ಸುಮ್ಮನಿರುವುದಿಲ್ಲ ಎಂದು ಬಾಗಿಲಲ್ಲೇ ನಿಂತಿದ್ದೆ.

ಕಟ್ಟಲಿಲ್ಲ. ನೆಲ ನೋಡುತ್ತಾ ಹೇಳಿಬಿಟ್ಟರು. ಅಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರಂತೆ. ಕೆಲಸದಲ್ಲಿ ಏನೂ ತೊಂದರೆ ಇರಲಿಲ್ಲವಂತೆ. ಸಂಜೆ ಬಂದು ಬಾಗಿಲು ಹಾಕಿಕೊಂಡರೆ ಮಾತಾಡಲು ಒಂದು ನರಪಿಳ್ಳೆಯಿಲ್ಲ. ಅಂಗಡಿಯಲ್ಲಿ ಬೇಕಾದ್ದನ್ನು ಕೈಮಾಡಿ ತೋರಿಸಿದರೆ ಜನ ನಗುತ್ತಿದ್ದರು. ಎರಡನೇ ವಾರದಿಂದ ದಿನಾ ಅಳು ಬರತೊಡಗಿತು. ಇಪ್ಪತ್ತನೇ ದಿನಕ್ಕೆ ಅಲ್ಲಿರಲಾರದೆ ಹೊರಟುಬಂದರು. ನಾಚಿಕೆಯಿಂದ ಮನೆಗೆ ಬರಲಾಗದೆ, ಬೇರೆ ಊರಿನ ಲಿಫ್ಟ್ ಗೋಡೌನಿನಲ್ಲಿ ಉಳಿದ ತಿಂಗಳುಗಳನ್ನು ಕಳೆದು, ಒಳ್ಳೆಯ ಸೂಟ್‌ಕೇಸ್ ಒಂದನ್ನು ಕೊಂಡು ಊರಿಗೆ ಬಂದರು.

"ಮನೆ ಮಾಲೀಕರಿಗೆ ಬರೆದ ಕಾಗದ?" ಅಂದಳು ಅಕ್ಕ.

"ಹಾಕಿಲ್ಲ. ಹಾಕಿದ್ರೆ, ನೀವ್ಯಾರು ಅಂತ ಅವ್ರು ಬರೀತಿದ್ರು."

ಅಕ್ಕನ ಕಣ್ಣು ತುಂಬಿತು. ಏಳು ವಾರ, ಅಂದಳು, ಅಷ್ಟೇ. ನನಗೆ ಅವರ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು, ಅದೇ ಹೊತ್ತಿಗೆ ಪಾಪ ಅನ್ನಿಸಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಬೇಕರಿಯವನ ಹೆಂಡತಿ ಗಂಡನ ತೋಳು ತಿವಿದಳು, ಎದ್ದು ಹೋಗೋಣ ಎಂಬಂತೆ. ಅವನು ನೋಟ್‌ಬುಕ್ ನೋಡಿಕೊಂಡ. ಈ ಐದು ನಿಮಿಷದಲ್ಲಿ ಒಂದಕ್ಷರವನ್ನೂ ಬರೆದುಕೊಂಡಿರಲಿಲ್ಲ. ಗ್ಯಾಸ್ ಒಲೆ ಇಲ್ಲಿಂದಲೇ ಒಯ್ಯಬೇಕೋ ಅಲ್ಲೇ ಸಿಗುತ್ತದೋ ಎಂದು ಬಹಳ ವಿನಯದಿಂದ ಕೇಳಿದ.

"ಒಲೆ ಎಲ್ಲಾ ಕಡೆ ಸಿಗುತ್ತಪ್ಪ," ಅಂದಳು ಅಕ್ಕ. "ಇವ್ರು ಇಪ್ಪತ್ತೆರಡು ವರ್ಷದಲ್ಲಿ ಉಪಯೋಗಕ್ಕೆ ಬರೋ ಮಾತು ಇವತ್ತೊಂದೇ ಹೇಳಿದ್ದು. ಅದನ್ನ ಬರ್ಕೊಳ್ಳಿ."

ಅವನು ಏನು ಬರೆಯಬೇಕೆಂದು ತಿಳಿಯದೆ ನನ್ನ ಕಡೆ ನೋಡಿದ. ಇಬ್ಬರನ್ನೂ ನಾನೇ ಗೇಟಿನವರೆಗೆ ಬಿಟ್ಟು ಬಂದೆ. ಒಳಗೆ ಬಂದಾಗ ಅಕ್ಕ ಅರ್ಜಿಯ ಹಾಳೆಯನ್ನು ಭಾವನ ಮುಂದಿಟ್ಟಿದ್ದಳು. ಹೌದು, ಇಲ್ಲ ಎಂಬ ಎರಡು ಚೌಕಗಳು ಖಾಲಿಯಿದ್ದವು. ಭಾವ ಪೆನ್ನು ತಗೊಂಡು, 'ಇಲ್ಲ' ಎಂಬುದಕ್ಕೆ ಗುರುತು ಹಾಕಿದರು. ಆಮೇಲೆ ಹೆಂಡತಿಯ ಕಡೆ ನೋಡದೆಯೇ ಕೇಳಿದರು:

"ನೀನೊಬ್ಬಳೇ ಇರ್ತೀಯ. ಇಪ್ಪತ್ತನೇ ದಿನ ಏನು ಮಾಡ್ತೀಯ?"

ಅಕ್ಕ ಹಾಳೆಯನ್ನು ಮಡಿಸಿ ಕೈಚೀಲದೊಳಗಿಟ್ಟುಕೊಂಡಳು.

"ಡ್ಯೂಟಿಗೆ ಹೋಗ್ತೀನಿ," ಅಂದಳು.