ಅತ್ತೆ ತಟ್ಟಿ ನೋಡಿದ ರೆಕ್ಕೆಗಳು

ನಮ್ಮತ್ತೆ ಬಲಗೈ ನಡುಬೆರಳಿನ ಉಗುರು ಒಂದನ್ನು ಮಾತ್ರ ಉದ್ದ ಬಿಟ್ಟಿದ್ದರು. ಉಳಿದ ಒಂಬತ್ತನ್ನು ವಾರಕ್ಕೊಮ್ಮೆ ಗಿಡ್ಡಗೆ ಕತ್ತರಿಸುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ನೋಡಿ, ಈ ವಯಸ್ಸಿನಲ್ಲಿ ಇದೆಂಥ ಶೋಕಿ ಅಂದುಕೊಂಡಿದ್ದೆ. ಶೋಕಿಯಲ್ಲ, ಅದೇ ಅವರ ಹೊಟ್ಟೆಪಾಡು ಅಂತ ತಿಳಿದಿದ್ದು ನಾಲ್ಕು ತಿಂಗಳ ಮೇಲೆ, ಅವರು ನನ್ನನ್ನು ವಿಮಾನದ ಕಾರ್ಖಾನೆಗೆ ಕರೆದುಕೊಂಡು ಹೋದ ದಿನ.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ತಗಡು ಹೊದಿಸಿದ ಎರಡು ಶೆಡ್ಡು, ಹಿಂದೆ ಒಂದು ಹುಲ್ಲಿನ ಬಯಲು. ಎಲ್ಲ ಸೇರಿ ನಲವತ್ತೆರಡು ಜನ. ವರ್ಷಕ್ಕೆ ಎಂಟು, ಹೆಚ್ಚೆಂದರೆ ಒಂಬತ್ತು ವಿಮಾನ ಹೊರಗೆ ಬರುತ್ತಿದ್ದವು. ಎರಡೇ ಬಗೆ. ಒಂದು ಹಾರುವುದನ್ನು ಕಲಿಯುವವರಿಗೆ, ಕಲಿಸುವವನೂ ಕಲಿಯುವವನೂ ಅಕ್ಕಪಕ್ಕ ಕೂರುವ ಗಿಡ್ಡ ವಿಮಾನ. ಇನ್ನೊಂದು ಮೋಟಾರು ಗ್ಲೈಡರು, ಮೈ ಸಣ್ಣದು, ಇಂಜಿನ್ನು ಇನ್ನೂ ಸಣ್ಣದು, ರೆಕ್ಕೆ ಮಾತ್ರ ಒಂದು ಮನೆಯುದ್ದ.

ಮುಂದಿನ ಶೆಡ್ಡಿನಲ್ಲಿ ಮರದ ಕೆಲಸ. ನಮ್ಮ ಯಜಮಾನರು ಅಲ್ಲಿ ಬಡಗಿ. ಮಗ ಮರದ ಹಂದರ ಕಟ್ಟುತ್ತಿದ್ದರು, ತಾಯಿ ಅದಕ್ಕೆ ಬಟ್ಟೆ ತೊಡಿಸುತ್ತಿದ್ದರು. ವಿಮಾನಕ್ಕೆ ಬಟ್ಟೆಯಾ ಅಂತ ಈಗಿನ ಮಕ್ಕಳು ನಗುತ್ತಾರೆ. ಬಟ್ಟೆಯೇ. ಒತ್ತಾಗಿ ನೇಯ್ದ ಹತ್ತಿ ಬಟ್ಟೆ.

ಹಿಂದಿನ ಶೆಡ್ಡು ಬಟ್ಟೆ ಕೋಣೆ. ನಾವು ಆರು ಜನ ಹೆಂಗಸರು, ಅತ್ತೆ ಮೇಸ್ತ್ರಿ. ಇಡೀ ಕಾರ್ಖಾನೆಗೆ ಅವರು ದೊಡ್ಡಮ್ಮ. ಬೆಳಿಗ್ಗೆ ಹೋದ ಕೂಡಲೇ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಬೇಕು, ಧೂಳು ಏಳಬಾರದು. ದಿಂಬಿಗೆ ಗವಸು ಹೊಲಿಯುವ ಹಾಗೆ ರೆಕ್ಕೆಗೆ ಗವಸು ಹೊಲಿದು ತೊಡಿಸಬೇಕು. ಆಮೇಲೆ ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಆಚೆಗೊಬ್ಬಳು ಈಚೆಗೊಬ್ಬಳು ನಿಂತು, ಮೇಣ ತಿಕ್ಕಿದ ದಾರದಿಂದ ಬಟ್ಟೆಯನ್ನು ಒಳಗಿನ ಮರದ ಪಕ್ಕೆಲುಬುಗಳಿಗೆ ಬಿಗಿಯಬೇಕು. ಮೊಳದುದ್ದದ ಸೂಜಿ. ಅವಳು ಚುಚ್ಚಿದ್ದನ್ನು ಇವಳು ಎಳೆದು ಗಂಟು ಹಾಕಿ, ತಿರುಗಿ ಅವಳ ಕಡೆ ಚುಚ್ಚಬೇಕು. ಮೂರು ಬೆರಳಿಗೊಂದು ಗಂಟು. ನನ್ನ ಎದುರಿಗೆ ಯಾವಾಗಲೂ ಅತ್ತೆ. ನಡುವೆ ರೆಕ್ಕೆ, ಮುಖ ಕಾಣುತ್ತಿರಲಿಲ್ಲ. ನನ್ನ ದಾರ ಸಡಿಲವಾದಾಗ ಮಾತ್ರ ಆಚೆಯಿಂದ ಮಾತು ಬರುತ್ತಿತ್ತು.

"ಇದೇನು, ಮಗು ಮಲಗಿಸೋಕೆ ಜೋಲಿ ಕಟ್ತಿದ್ದೀಯಾ?"

ಹೊಲಿಗೆ ಮುಗಿದ ಮೇಲೆ ನೀರು ಸವರಿ ಒಣಗಿಸಿ, ಡೋಪು ಬಳಿಯಬೇಕು. ಡೋಪು ಅಂದರೆ ತೆಳು ಅಂಟಿನಂಥದ್ದು, ಮೂಗಿಗೆ ಹೊಡೆಯುವ ವಾಸನೆ, ಮೊದಲ ತಿಂಗಳೆಲ್ಲ ನನಗೆ ತಲೆನೋವು. ಅದು ಒಣಗುತ್ತಾ ಒಣಗುತ್ತಾ ಬಟ್ಟೆಯನ್ನು ಎಳೆದು ಬಿಗಿ ಮಾಡುತ್ತದೆ. ಒಂದು ಕೋಟು ಕಮ್ಮಿಯಾದರೆ ಗಾಳಿಗೆ ಬಟ್ಟೆ ಪಟಪಟ ಬಡಿದುಕೊಳ್ಳುತ್ತದೆ. ಹೆಚ್ಚಾದರೆ ಒಳಗಿನ ಮರವನ್ನೇ ಎಳೆದು ಬಗ್ಗಿಸುತ್ತದೆ. ಬಿಸಿಲಿನ ದಿನ ಎಳೆದ ಹಾಗೆ ಮೋಡದ ದಿನ ಎಳೆಯುವುದಿಲ್ಲ. ಅದಕ್ಕೇ ಇಷ್ಟೇ ಕೋಟು ಅಂತ ಯಾರೂ ಬರೆದಿಟ್ಟಿರಲಿಲ್ಲ. ಪ್ರತಿ ಕೋಟು ಒಣಗಿದ ಮೇಲೆ ಅತ್ತೆ ಬಂದು ಆ ಉಗುರಿನಿಂದ ತಟ್ಟುವರು. ಮೊದಲನೆಯದಕ್ಕೆ ದಪ್ ಅನ್ನುತ್ತಿತ್ತು, ಎರಡನೆಯದಕ್ಕೆ ಡಬ್. ನಾಲ್ಕಕ್ಕೋ ಐದಕ್ಕೋ ಟಮ್ ಅಂದರೆ ಅತ್ತೆ ಕೈ ತೆಗೆದು, "ಈಗ ಮಾತಾಡ್ತು" ಅನ್ನುವರು. ಅಲ್ಲಿಗೆ ಡೋಪಿನ ಡಬ್ಬಿ ಮುಚ್ಚಬೇಕು. ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು, ಒಂದು ರೆಕ್ಕೆಯೂ ವಾಪಸು ಬಂದಿರಲಿಲ್ಲ.

ಮನೆಯಲ್ಲೂ ಅದೇ ಚಟ. ಮಡಕೆ ತಟ್ಟುವರು, ಹಣ್ಣು ತಟ್ಟುವರು. ಮಗ ಏನಾದರೂ ಮರೆತು ಬಂದರೆ ಅವರ ತಲೆ ತಟ್ಟಿ, "ಇದಕ್ಕೆ ಇನ್ನೂ ಎರಡು ಕೋಟು ಬೇಕು" ಅನ್ನುವರು.

ಮನೆಯಲ್ಲಿ ಅತ್ತೆ, ಅಲ್ಲಿ ಮೇಸ್ತ್ರಿ. ಎರಡು ಕಡೆಯೂ ನಾನು ಬೈಸಿಕೊಳ್ಳುವವಳೇ. ಆದರೆ ಮನೆಗೂ ಕಾರ್ಖಾನೆಗೂ ನಡುವೆ ಕಾಲು ಗಂಟೆಯ ದಾರಿ ಇತ್ತು. ಆ ದಾರಿಯಲ್ಲಿ ಅವರು ಅತ್ತೆಯೂ ಅಲ್ಲ, ಮೇಸ್ತ್ರಿಯೂ ಅಲ್ಲ. ಸಣ್ಣ ವಯಸ್ಸಿಗೇ ಗಂಡ ಹೋದದ್ದು, ಸೀಟಿನ ಮೆತ್ತೆ ಹೊಲಿಯೋಕೆ ಅಂತ ಬಂದವರನ್ನು ರೆಕ್ಕೆಗೆ ಹಾಕಿದ್ದು, ಮೊದಲ ರೆಕ್ಕೆ ಹಾರಿದ ದಿನ ಹೆದರಿ ಕಣ್ಣು ಮುಚ್ಚಿಕೊಂಡದ್ದು, ಎಲ್ಲ ನನಗೆ ಹೇಳಿದ್ದು ಆ ದಾರಿಯಲ್ಲೇ. ಈಗ ಅಲ್ಲಿ ಹೋದರೆ ಶೆಡ್ಡಿನಲ್ಲಿ ಹಳೇ ಟೈರು ಪೇರಿಸಿದ್ದಾರೆ. ಬಯಲಿನಲ್ಲಿ ಮನೆಗಳಾಗಿವೆ. ದಾರಿ ಮಾತ್ರ ಅಷ್ಟೇ ಉದ್ದ ಇದೆ, ನನ್ನ ಕಾಲಿಗೆ ಈಗ ಅರ್ಧ ಗಂಟೆ ಬೇಕು.

ನಾನು ಸೇರಿದ ಆರನೇ ವರ್ಷ ಇರಬೇಕು. ಮನೆಯಲ್ಲಿ ನಾನು ಒಳಗಿನಿಂದ ಏನಾದರೂ ಕೇಳಿದರೆ ಅತ್ತೆ ಉತ್ತರ ಕೊಡುವುದನ್ನು ಬಿಟ್ಟರು. ಎರಡು ಸಲ ಕೂಗಿದರೆ, "ಏನಂದೆ?" ಮೂರನೇ ಸಲ ಕೂಗಿದರೆ, "ಯಾಕೆ ಅರಚ್ತೀಯ, ನಾನೇನು ಕಿವುಡಿಯಾ?" ನಾನು ಯಜಮಾನರ ಹತ್ತಿರ ದೂರು ಹೇಳಿದೆ.

"ಸೊಸೆ ಮಾತು ಅತ್ತೆ ಕಿವಿಗೆ ಬೀಳದೇ ಇರೋದು ಹೊಸದೇನೇ?" ಅಂತ ಅವರು ನಕ್ಕುಬಿಟ್ಟರು. ನಾನೂ ಅದನ್ನೇ ನಂಬಿದೆ. ನನ್ನ ಮೇಲೆ ಏನೋ ಮುನಿಸು ಅಂತ ಸುಮ್ಮನಾದೆ.

ಆ ವರ್ಷ ಒಂದು ಮೋಟಾರು ಗ್ಲೈಡರಿಗೆ ಬಟ್ಟೆ ಹಾಕುತ್ತಿದ್ದೆವು. ರೆಕ್ಕೆಗಳು ಮುಗಿದಿದ್ದವು. ಕೊನೆಗೆ ಉಳಿದದ್ದು ಬಾಲದ ಚುಕ್ಕಾಣಿ, ವಿಮಾನವನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಹಲಗೆಯಂಥದ್ದು. ಅದರ ಮರ ಬೆರಳಿಗಿಂತ ತೆಳು. ನಾಲ್ಕು ಕೋಟು ಬಳಿದೆ, ಒಣಗಿತು, ಅತ್ತೆ ತಟ್ಟಿದರು. ಟಮ್ ಅಂತು. ನನಗೆ ಚೆನ್ನಾಗಿ ಕೇಳಿಸಿತು. ನಾನು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ.

"ಇನ್ನೊಂದು ಕೋಟು," ಅಂದರು ಅತ್ತೆ.

"ಅತ್ತೆ, ಮಾತಾಡ್ತಲ್ಲ?"

"ನಿನಗೇನು ಗೊತ್ತು? ಬಳಿ."

ಐದನೆಯದು ಬಳಿದೆ. ತಟ್ಟಿದರು, ತಲೆ ಓರೆ ಮಾಡಿದರು, ಮತ್ತೆ ತಟ್ಟಿದರು. "ಇನ್ನೂ ಮಂದ ಇದೆ. ಇನ್ನೊಂದು." ನಾನು ಮತ್ತೆ ಬಾಯಿ ತೆಗೆದೆ, ಮತ್ತೆ ಅದೇ ಉತ್ತರ. ಆರನೆಯದೂ ಬಳಿದೆ. ಹತ್ತೊಂಬತ್ತು ವರ್ಷದ ಕಿವಿ ಅದು, ನನ್ನದು ಆರು ವರ್ಷದ್ದು. ತಪ್ಪು ನನ್ನದೇ ಇರಬೇಕು ಅಂದುಕೊಂಡೆ.

ಮಾರನೇ ದಿನ ಮಧ್ಯಾಹ್ನ ಮುಂದಿನ ಶೆಡ್ಡಿನಲ್ಲಿ ಗಲಾಟೆ. ಚೆಕಿಂಗ್ ಸಾಹೇಬರು, ಅಂದರೆ ಎಲ್ಲ ಭಾಗವನ್ನೂ ನೋಡಿ ಚೀಟಿ ಕಟ್ಟುವವರು, ಚುಕ್ಕಾಣಿಯನ್ನು ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ನೆಟ್ಟಗಿರಬೇಕಾದ ಅಂಚು ಬಿಲ್ಲಿನ ಹಾಗೆ ಒಂದು ಬೆರಳು ಬಾಗಿತ್ತು.

"ಹಸಿ ಮರ ಹಾಕಿದ್ದೀಯ," ಅಂದರು ನಮ್ಮ ಯಜಮಾನರಿಗೆ.

"ಇಲ್ಲ ಸಾರ್. ವರ್ಷ ಒಣಗಿದ ಮರ. ಬಟ್ಟೆ ಕೋಣೆಗೆ ಕೊಡುವಾಗ ನೆಟ್ಟಗಿತ್ತು."

"ಹಂಗಾದರೆ ಬಟ್ಟೆ ಬಗ್ಗಿಸ್ತಾ? ದೊಡ್ಡಮ್ಮನ ಕಿವಿ ತಪ್ಪಿತಾ? ಹತ್ತೊಂಬತ್ತು ವರ್ಷದಲ್ಲಿ ಇಲ್ಲದ್ದು ಇವತ್ತು?"

ಯಜಮಾನರು ತಲೆ ತಗ್ಗಿಸಿದರು. ತಾಯಿಯ ಕೆಲಸದ ಮೇಲೆ ಅವರಿಗೂ ಅಷ್ಟೇ ನಂಬಿಕೆ. ಸುದ್ದಿ ಕೇಳಿ ಬಂದ ಅತ್ತೆ ಎಲ್ಲರ ಎದುರೇ ಮಗನನ್ನು ಬೈದರು. "ಡೊಂಕು ಹಂದರ ಕೊಟ್ಟು ನನ್ನ ಬಟ್ಟೆ ದಂಡ ಮಾಡಿದೆಯಲ್ಲೋ!" ಸಾಹೇಬರು ಆ ಚುಕ್ಕಾಣಿಯನ್ನು ಪಕ್ಕಕ್ಕಿಟ್ಟು, "ನಾಳೆ ಧಣಿಗಳ ಹತ್ತಿರ ಮಾತಾಡ್ತೀನಿ, ಇಂಥ ಕೈ ನಮಗೆ ಬೇಡ" ಅಂದು ಹೋದರು.

ಸಂಜೆ ದಾರಿಯಲ್ಲಿ ನಾವಿಬ್ಬರೇ. ಅತ್ತೆ ರಸ್ತೆ ನಡುವೆ ಬಿರಬಿರನೆ ಹೋಗುತ್ತಿದ್ದರು. ಹಿಂದೆ ಸಾಮಾನು ಹೇರಿಕೊಂಡ ಸೈಕಲ್ಲಿನವನೊಬ್ಬ ಬೆಲ್ಲು ಹೊಡೆದ, ಮತ್ತೆ ಮತ್ತೆ ಹೊಡೆದ. ಅವರು ಸರಿಯಲಿಲ್ಲ. ನಾನು ರಟ್ಟೆ ಹಿಡಿದು ಎಳೆದುಕೊಂಡೆ. ಸೈಕಲ್ಲು ಪಕ್ಕದಲ್ಲೇ ಸರ್ರನೆ ಹೋಯಿತು.

"ರಸ್ತೆ ಏನು ನಿಮ್ಮ ತಾತಂದಾ ಅಜ್ಜೀ?" ಅಂತ ಅವನು ತಿರುಗಿ ಕೂಗಿದ.

ಅತ್ತೆ ಅವನನ್ನು ನೋಡಲಿಲ್ಲ. ನನ್ನ ಮುಖ ನೋಡಿದರು.

"ಬೆಲ್ಲು ಹೊಡೆದನಾ?"

"ನಾಲ್ಕು ಸಲ."

ಅವರು ಅಲ್ಲೇ ಒಂದು ಕಾಂಪೌಂಡಿನ ಗೋಡೆಗೆ ಒರಗಿ ನಿಂತರು.

"ಆ ಚುಕ್ಕಾಣಿ ಎಷ್ಟಕ್ಕೆ ಮಾತಾಡಿತ್ತು?"

ನಾನು ಎದುರು ನಿಂತು ಬಿಡಿಸಿ ಹೇಳಿದೆ. "ನಾಲ್ಕಕ್ಕೇ."

"ಹೇಳೋಕೆ ಬಾಯಿ ಬಿದ್ದು ಹೋಗಿತ್ತಾ?"

"ಎರಡು ಸಲ ಹೇಳಿದೆ ಅತ್ತೆ. ಮೂರನೇ ಸಲಕ್ಕೆ ಧೈರ್ಯ ಬರಲಿಲ್ಲ."

ಅವರು ಕಿವಿಗೆ ಬೆರಳು ಹಾಕಿ ತಿರುವಿದರು. ಆಮೇಲೆ ತಮ್ಮಷ್ಟಕ್ಕೇ ಅನ್ನುವ ಹಾಗೆ ಹೇಳಿದರು. "ಹೋದ ಚಳಿಗಾಲದಿಂದ ಕಿವಿಗೆ ಒಂದು ಥರ ಹತ್ತಿ ಇಟ್ಟ ಹಾಗಿತ್ತು. ನೆಗಡಿ ಅಂದುಕೊಂಡೆ. ಹೋಗುತ್ತೆ ಅಂದುಕೊಂಡೆ. ಕಿವಿ ಹೋಯ್ತು ಅಂದರೆ ಆ ಕೋಣೆಯಲ್ಲಿ ನನಗೇನು ಕೆಲಸ ಹೇಳು?"

ಹೇಳಿದರೆ ಅವರ ಕೆಲಸ ಹೋಗುತ್ತಿತ್ತು, ಹೇಳದಿದ್ದರೆ ನನ್ನ ಗಂಡನ ಕೆಲಸ. ಒಂದೇ ಮನೆ, ಒಂದೇ ಒಲೆ. ನಾನು ಯಾವ ಕಡೆ ಮಾತಾಡಲಿ?

ಅವರೇ ಮತ್ತೆ ಅಂದರು, "ಅದಲ್ಲ ಕಣೇ. ರೆಕ್ಕೆಗಳನ್ನೂ ಇದೇ ಕಿವಿಯಲ್ಲಿ ತಟ್ಟಿದ್ದೀನಿ. ಅದನ್ನ ನಂಬ್ಕೊಂಡು ಗುಬ್ಬಿ ಮೇಲೆ ಹೋಗ್ತಾನೆ."

ಗುಬ್ಬಿ ಅಂದರೆ ನಮ್ಮ ಪೈಲಟ್ಟು. ಹೊಸ ವಿಮಾನವನ್ನು ಮೊದಲು ಹಾರಿಸಿ ನೋಡುವವನು. ಪುಟ್ಟ ಆಳು, ಅದಕ್ಕೇ ಆ ಹೆಸರು. ಬಟ್ಟೆ ಕೋಣೆಗೆ ಬಂದಾಗಲೆಲ್ಲ, "ದೊಡ್ಡಮ್ಮಾ, ನನಗೆ ಹೊಸ ಅಂಗಿ ಹೊಲಿದಾಯ್ತಾ?" ಅಂತ ಕೇಳುತ್ತಿದ್ದ.

ಮಾರನೇ ಬೆಳಿಗ್ಗೆ ನೆಲ ಒರೆಸುವುದಕ್ಕೂ ನಿಲ್ಲದೆ ಅತ್ತೆ ಮುಂದಿನ ಶೆಡ್ಡಿಗೆ ಹೋದರು. ನಾನು ಹಿಂದೆ ಹಿಂದೆ. ಸಾಹೇಬರೂ ಯಜಮಾನರೂ ಗುಬ್ಬಿಯೂ ಅಲ್ಲೇ ಇದ್ದರು. ಅತ್ತೆ ಚುಕ್ಕಾಣಿಯನ್ನು ಎತ್ತಿ ಮೇಜಿನ ಮೇಲಿಟ್ಟು ತಟ್ಟಿದರು.

"ಇದು ಏನನ್ನುತ್ತೆ ಅಂತ ನನಗೆ ಕೇಳ್ಸಲ್ಲ ಸಾಹೇಬ್ರೇ. ನಾಲ್ಕು ಕೋಟಿನದಕ್ಕೆ ಆರು ಹಾಕಿಸಿದ್ದೀನಿ. ಮರ ಸರಿಯಿದೆ. ನನ್ನ ಕಿವಿ ಡೊಂಕು."

ಸಾಹೇಬರಿಗೆ ನಂಬಿಕೆ ಬರಲಿಲ್ಲ. ಮಗನನ್ನು ಉಳಿಸೋಕೆ ತಾಯಿ ಹೇಳುವ ಮಾತು ಅಂದುಕೊಂಡರೋ ಏನೋ. "ಬಾಯಿ ಮಾತು ಬೇಡ ದೊಡ್ಡಮ್ಮ" ಅಂದರು.

ಅತ್ತೆ ಚಾಕು ತೆಗೆದುಕೊಂಡು ಅಂಚಿನುದ್ದಕ್ಕೂ ಬಟ್ಟೆಯನ್ನು ಸೀಳಿಬಿಟ್ಟರು. ಚಟ್ ಚಟ್ ಅಂತ ದಾರಗಳು ಹರಿದವು. ಬಟ್ಟೆ ಸುರುಳಿ ಸುತ್ತಿಕೊಂಡು ಬಿತ್ತು. ಒಳಗಿನ ಮರ ಮೈ ಮುರಿದ ಹಾಗೆ ಮಾಡಿ ನಿಧಾನಕ್ಕೆ ನೆಟ್ಟಗಾಯಿತು. ಸಾಹೇಬರು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಯಜಮಾನರ ಭುಜ ಮುಟ್ಟಿ, "ತಪ್ಪಾಯ್ತಪ್ಪ" ಅಂದರು.

ಯಜಮಾನರು ಅವರ ಕಡೆ ನೋಡಲೇ ಇಲ್ಲ. ತಾಯಿಯನ್ನೇ ನೋಡುತ್ತಿದ್ದರು.

"ರೆಕ್ಕೆಗಳು?" ಅಂತ ಕೇಳಿದ ಗುಬ್ಬಿ. ಅವತ್ತು ಅವನು ತಮಾಷೆ ಮಾಡಲಿಲ್ಲ.

ಅತ್ತೆ ನನ್ನ ಕೈ ಹಿಡಿದು ರೆಕ್ಕೆಯ ಹತ್ತಿರ ಕರೆದುಕೊಂಡು ಹೋದರು. "ನೀನು ತಟ್ಟು. ನಾನು ನಿನ್ನ ಮುಖ ನೋಡ್ತೀನಿ."

ಒಂದೊಂದು ರೆಕ್ಕೆಯಲ್ಲಿ ಇಪ್ಪತ್ತಮೂರು ಪಕ್ಕೆಲುಬು, ಅವುಗಳ ನಡುವೆ ಇಪ್ಪತ್ತೆರಡು ಮನೆ. ಮೇಲೂ ಕೆಳಗೂ, ಎರಡೂ ರೆಕ್ಕೆ. ಊಟದ ಹೊತ್ತಿನವರೆಗೂ ತಟ್ಟಿದೆ. ನನ್ನ ಉಗುರು ಗಿಡ್ಡ, ಅದಕ್ಕೆ ಬೆರಳ ಗೆಣ್ಣಿನಿಂದ ತಟ್ಟಿದೆ. ಅತ್ತೆ ರೆಕ್ಕೆಯನ್ನು ಒಂದು ಸಲವೂ ನೋಡಲಿಲ್ಲ. ನಾನು ಹೂಂ ಅನ್ನುವುದಕ್ಕೆ ಮುಂಚೆಯೇ ಅವರು ಮುಂದಿನ ಮನೆಗೆ ಕಾಲಿಡುತ್ತಿದ್ದರು. ರೆಕ್ಕೆಯ ದಪ್ಪ ಮರ ಬಗ್ಗಿರಲಿಲ್ಲ, ಎಲ್ಲ ಕಡೆಯೂ ಟಮ್ ಅಂತು. ಎಡ ರೆಕ್ಕೆಯ ತುದಿಯ ಕೆಳಗೆ ಒಂದು ಕಡೆ ಮಾತ್ರ ದಪ್ ಅಂದ ಹಾಗಾಯಿತು. ನಾನು ಬಾಯಿ ಬಿಡಲಿಲ್ಲ.

"ಇಲ್ಲಿ," ಅಂದರು ಅತ್ತೆ. ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕಿದರು.

ಎಲ್ಲ ಮುಗಿದ ಮೇಲೆ ಸಾಹೇಬರು ಗಂಟಲು ಸರಿ ಮಾಡಿಕೊಂಡು, ನಾಳೆಯಿಂದ ಯಾರು ತಟ್ಟೋದು ಅಂತ ಕೇಳಿದರು. ಅತ್ತೆಗೆ ಕೇಳಿಸಲಿಲ್ಲ. ನಾನು ಎದುರು ನಿಂತು ಮತ್ತೆ ಹೇಳಬೇಕಾಯಿತು. ನನ್ನ ಬಾಯಿಂದ ಆ ಮಾತು ಹೊರಡಿಸಲು ನನಗಾದ ಕಷ್ಟ ನನಗೇ ಗೊತ್ತು.

"ಇವಳೇ ತಟ್ಟಲಿ," ಅಂದರು ಅತ್ತೆ. "ಆದರೆ ದಾರ ಎಳೆಯೋಕೆ ಇವಳಿಗೆ ಇನ್ನೂ ಬರಲ್ಲ ಸಾಹೇಬ್ರೇ. ಅದನ್ನ ನೋಡ್ಕೊಳ್ಳೋಕೆ ನಾನಿರಬೇಕು."

ಸಾಹೇಬರು ನಕ್ಕರು. "ಇರಿ ದೊಡ್ಡಮ್ಮ. ಯಾರು ಹೋಗು ಅಂದರು?"

ರೆಕ್ಕೆಯಲ್ಲಿ ಗುರುತು ಹಾಕಿದ ಕಡೆ, ಅದು ಮಾತಾಡುವವರೆಗೆ ಮತ್ತೆ ಡೋಪು ಬಳಿದೆವು. ಚುಕ್ಕಾಣಿಗೆ ಹೊಸ ಬಟ್ಟೆ ಹಾಕಿದೆವು. ನಾಲ್ಕು ಕೋಟು. ಹನ್ನೆರಡು ದಿನದ ಮೇಲೆ ಗುಬ್ಬಿ ಆ ಮೋಟಾರು ಗ್ಲೈಡರನ್ನು ಹಾರಿಸಿದ. ನಲವತ್ತೆರಡು ಜನವೂ ಬಯಲಿನಲ್ಲಿ ನಿಂತಿದ್ದೆವು. ಅದು ಗುಂಯ್‌ಗುಟ್ಟುತ್ತಾ ಸುತ್ತು ಹಾಕಿ ಮೇಲೇರಿತು. ಸಾಕಷ್ಟು ಎತ್ತರ ಹೋದ ಮೇಲೆ ಗುಬ್ಬಿ ಇಂಜಿನ್ನು ಆರಿಸಿದ. ಇಂಜಿನ್ನಿಲ್ಲದೆ ತೇಲುವುದೇ ಅದರ ಕೆಲಸ. ಸದ್ದು ನಿಂತ ಕೂಡಲೇ ಬಯಲಿನಲ್ಲಿ ಎಲ್ಲರೂ ಪಿಸುಮಾತನ್ನೂ ನಿಲ್ಲಿಸಿದರು. ಅತ್ತೆ ಮಾತ್ರ ಪಕ್ಕದವಳಿಗೆ ಗಟ್ಟಿಯಾಗಿ ಏನೋ ಹೇಳುತ್ತಲೇ ಇದ್ದರು. ನಾನು ಮೆಲ್ಲಗೆ ಅವರ ಮೊಣಕೈ ಮುಟ್ಟಿದೆ.

"ಆರಿಸಿದ್ನಾ?"

ತಲೆ ಆಡಿಸಿದೆ. ಅವರು ಮಾತು ನಿಲ್ಲಿಸಿ ಮೇಲೆ ನೋಡಿದರು.

ಅರ್ಧ ಗಂಟೆ ತೇಲಿ ಇಳಿದ. ಇಳಿದವನೇ ಅತ್ತೆಯ ಹತ್ತಿರ ಬಂದು ಕಿವಿಯ ಪಕ್ಕ ಕೂಗತೊಡಗಿದ.

"ಕೂಗಬೇಡವೋ, ಎಂಜಲು ಹಾರುತ್ತೆ," ಅಂದರು ಅತ್ತೆ. "ಪಕ್ಕಕ್ಕೆ ಎಳೀತಾ, ನೆಟ್ಟಗೆ ಹೋಯ್ತಾ, ಅಷ್ಟು ಹೇಳು."

ಗುಬ್ಬಿ ಕೈಯನ್ನು ಅವರ ಮೂಗಿನ ಮುಂದೆ ನೆಟ್ಟಗೆ ಚಾಚಿ ತೋರಿಸಿದ.

"ಹಂಗಾದರೆ ಸರಿ. ನಡಿಯೇ, ಅಲ್ಲಿ ಬಟ್ಟೆಗೆ ನೀರು ಸವರಿ ಬಂದಿದ್ದೀವಿ, ಒಣಗಿರುತ್ತೆ," ಅಂತ ನನ್ನನ್ನು ಮುಂದೆ ಬಿಟ್ಟುಕೊಂಡು ಬಟ್ಟೆ ಕೋಣೆಯ ಕಡೆ ಹೊರಟರು.