ನೆರಳಿನ ಇಂಜಿನಿಯರು
ರಾಂಪುರದ ರಸ್ತೆ ಎತ್ತರಿಸಿದಾಗ, ಆ ಮಣ್ಣು ಕೆಳಗಿನ ನಮ್ಮ ಹಟ್ಟಿಯ ಮೇಲೆ ಜಾರದಂತೆ ತಡೆಗೋಡೆ ಕಟ್ಟಿಸಲು ಬಂದ ಇಂಜಿನಿಯರು ಮುರುಗೇಶಪ್ಪನವರಿಗೆ ಬಿಸಿಲೆಂದರೆ ಹಾವು ಕಂಡಂತೆ. ಜೀಪಿನಿಂದ ಬೇವಿನ ಮರಕ್ಕೆ, ಮರದಿಂದ ನಮ್ಮ ಜಗಲಿಗೆ. ನೆರಳು ಸರಿದರೆ ಅವರ ಕುರ್ಚಿಯೂ ಸರಿಯುತ್ತದೆ. ಗೋಡೆಗೆ ಕಾಂಕ್ರೀಟ್ ಕಂಬಗಳನ್ನು ಇಳಿಸುವ ಮುಂಚೆ ನೆಲ ಕೊರೆದು ಮಣ್ಣು ನೋಡಬೇಕಂತೆ. ಅದನ್ನೂ ಬೇವಿನ ನೆರಳಲ್ಲೇ, ಒಂದೇ ಕಡೆ ಕೊರೆಸಿದರು. ಕಲ್ಲು ಬೆರೆತ ಗಟ್ಟಿ ಗರಸು ಮಣ್ಣು ಸಿಕ್ಕಿತು. "ನಮ್ಮ ಮನೆ ಹಿಂದೆ ಹಳೇ ಹಳ್ಳ ಮುಚ್ಚೈತೆ ಸಾರ್, ಬರೀ ಮೆತ್ತನೆ ಎರೆಮಣ್ಣು, ಅಲ್ಲೂ ನೋಡ್ರಿ" ಅಂದಳು ಸೊಸೆ ಮಾಲತಿ. "ಅನ್ನ ಬೆಂದೈತಾ ಅಂತ ಎಷ್ಟು ಅಗುಳು ಹಿಸುಕ್ತೀಯಮ್ಮ?" ಅಂತ ನಕ್ಕರು. "ಇದು ಒಂದೇ ಗಡಿಗೆ ಅನ್ನ ಅಲ್ಲ ಸಾರ್, ಹತ್ತು ಮನೆ ಭಿಕ್ಷೆ ಅನ್ನ" ಅಂದಳು ಅವಳು. ಇಂಜಿನಿಯರು ಇನ್ನೊಂದು ಲೋಟ ಮಜ್ಜಿಗೆ ಕೇಳಿದರು. ಕಂಬಗಳೆಲ್ಲ ಒಂದೇ ಆಳಕ್ಕೆ ಇಳಿದವು, ಗೋಡೆ ಎದ್ದಿತು. ಅಂದಿನಿಂದ ನಮ್ಮ ಮನೆ ಹಿಂದಿನ ಗೋಡೆಯ ನೆರಳೇ ಅವರ ಜೀಪಿಗೆ ಕೊಟ್ಟಿಗೆ. ಮೊನ್ನೆಯ ಮಳೆಗೆ ಆ ಹಳ್ಳದ ಜಾಗದಲ್ಲಿ ಕಂಬಗಳು ನಮ್ಮ ಕಡೆ ವಾಲಿ, ಗೋಡೆ ಬೆರಳು ತೂರುವಷ್ಟು ಬಿರಿಯಿತು. ಮುರುಗೇಶಪ್ಪನವರು ಕತ್ತೆತ್ತಿ ನೋಡಿದರು. "ಏನೂ ಆಗಲ್ಲ ಅಜ್ಜಿ, ಆರಾಮಾಗಿ ಮಲಕ್ಕೊಳ್ರಿ" ಅಂದರು. ಮಜ್ಜಿಗೆ ಕೇಳಲಿಲ್ಲ. ಈಗ ಅವರ ಜೀಪು ಆಚೆ ಬಯಲಲ್ಲಿ, ಉರಿಬಿಸಿಲಲ್ಲಿ ನಿಲ್ಲುತ್ತದೆ. ಅದನ್ನು ಕಂಡ ದಿನವೇ ಮೊಮ್ಮಗಳ ತೊಟ್ಟಿಲನ್ನು ನಾನೂ ಆ ಬಿಸಿಲಿಗೇ ಸಾಗಿಸಿದೆ.