ಏಳನೇ ಸಾಲಿನ ಮುದ್ದಕ್ಕ

ಹುಳಿಯಾರಿನಾಚೆಯ ಹಟ್ಟಿಯ ಮುದ್ದಕ್ಕನಿಗೆ ಕುರಿ ಹಿಂದೆ ನಡೆದೂ ನಡೆದೂ ಮಂಡಿ ಕೆಟ್ಟಿತ್ತು. ಗಂಡ ತೀರಿಕೊಂಡಿದ್ದ. ಮಗ ಓಬಳೇಶ್ ಎಂಥ ಕಟುಕನೆಂದರೆ, "ಮಂದೆ ಹಿಂದೆ ಬರದಿದ್ರೆ ಕೂಲಿಗಾದ್ರೂ ಹೋಗು, ಕುಂತೋಳ್ಗೆ ಮುದ್ದೆ ಇಕ್ಕಕ್ಕಿಲ್ಲ" ಎಂದು ಹೆತ್ತವಳ ತಟ್ಟೆಯನ್ನೇ ಎತ್ತಿಟ್ಟಿದ್ದ. 2004ರಲ್ಲಿ ಅವಳು ನಮ್ಮ ಪ್ರಯೋಗದ ತಾಕಿಗೆ ಕೆಲಸಕ್ಕೆ ಬಂದದ್ದು ಹಾಗೆ.

ತಾಕು ಎಂದರೆ ಬೇಲಿ ಹಾಕಿದ ಐದು ಗುಂಟೆ ರಾಗಿ. ನಮ್ಮ ವಿಜ್ಞಾನಿ ಸುನಿತಾ ಮೇಡಂ ಲ್ಯಾಬಿನಲ್ಲಿ ಅದರೊಳಕ್ಕೆ ಹೊರಗಿನ ಜೀನ್ ಸೇರಿಸಿದ್ದರು. ಕಳೆನಾಶಕ ಹೊಡೆದಾಗ ಜೀನ್ ಹತ್ತಿದ ಸಸಿ ಉಳಿಯುತ್ತದೆ, ಹತ್ತದ್ದು ಸುಟ್ಟುಹೋಗುತ್ತದೆ. ಎಷ್ಟು ಉಳಿದವು, ಎಷ್ಟು ಸತ್ತವು ಎಂದು ತಿಳಿಯಲಿಕ್ಕೇ ಅವರ ನಾಲ್ಕು ವರ್ಷದ ದುಡಿಮೆ. ಇದನ್ನು ಆಳುಗಳಿಗೆ ಬಿಡಿಸಿ ಹೇಳುವುದು ಫೀಲ್ಡ್ ಅಸಿಸ್ಟೆಂಟ್ ಆದ ನನ್ನ ಕೆಲಸ. ಕುರಿ ಕಾಯುವವಳಿಗೆ ಜೀನಿನ ಪಾಠ ಯಾಕೆ ಅಂದುಕೊಂಡು ನಾನು ಏನನ್ನೂ ಹೇಳಲೇ ಇಲ್ಲ. ಬದಲಿಗೆ ನಾಟಿಯ ದಿನ ಸುಮ್ಮನೆ ದರ್ಪಕ್ಕೆ, "ನೋಡು ಮುದ್ದಕ್ಕ, ಸಾಲಲ್ಲಿ ಒಂದು ಗುಣಿ ಖಾಲಿ ಕಂಡ್ರೂ ನಾಳೆಯಿಂದ ಬರ್ಬೇಡ" ಎಂದು ಗದರಿದ್ದೆ.

ಔಷಧಿ ಹೊಡೆದ ಮೇಲೆ ಒಂದು ವಾರ ಆಳುಗಳನ್ನು ಒಳಗೆ ಬಿಡಲಿಲ್ಲ. ಎಂಟನೇ ದಿನ ನಾನು ತಿಪಟೂರಿಗೆ ನೆಂಟರ ಮದುವೆಗೆ ಹೋದೆ. ಅವತ್ತು ಬಂದ ಮುದ್ದಕ್ಕನಿಗೆ ಕಂಡದ್ದು ಸಾಲುಸಾಲಾಗಿ ಸುಟ್ಟ ಪೈರು. ನಮ್ಮ ಕಡೆ ರಾಗಿ ನೆಡುವವರು ಯಾರಾದರೂ ಮಾಡುವುದನ್ನೇ ಅವಳೂ ಮಾಡಿದಳು. ಸತ್ತದ್ದನ್ನು ಕಿತ್ತು, ಸಸಿಮಡಿಯಲ್ಲಿ ಮಿಕ್ಕಿದ್ದ ಮಾಮೂಲಿ ರಾಗಿ ಸಸಿ ತಂದು ಗುಣಿ ತುಂಬಿಸಿದಳು. ನೀರು ಹೊತ್ತು ಹಾಕಿದಳು. ಆ ಮಂಡಿಯಲ್ಲಿ, ಒಬ್ಬಳೇ, ಇಡೀ ದಿನ.

ಮರುದಿನ ಎಣಿಸಲು ಬಂದ ಮೇಡಂ ಹಸಿರು ತುಂಬಿದ ಸಾಲು ನೋಡಿ ಬದುವಿನ ಮೇಲೇ ಕುಸಿದು ಕುಳಿತರು.

"ಇವ್ರಿಗೆ ವಿಷಯ ಹೇಳಿರ್ಲಿಲ್ವೇನ್ರೀ?"

"ಹೇಳಿದ್ದೆ ಮೇಡಂ. ತಲೆಗೆ ಹೋಗಿಲ್ಲ ಅಷ್ಟೆ."

ನಾಚಿಕೆಗೆಟ್ಟವನು ನಾನು, ನಾಲಿಗೆ ತೊದಲಲೂ ಇಲ್ಲ. ಬೆರಕೆಯಾದ ಪೈರನ್ನೆಲ್ಲ ಕಿತ್ತು ಸುಡಲು ಹೇಳಿ, "ಆಯಮ್ಮನ್ನ ಕಳಿಸಿಬಿಡಿ" ಎಂದು ಅವರು ಜೀಪು ಹತ್ತಿದರು.

ನಾನು ಕೀಳಿಸಿದ್ದು ಮುದ್ದಕ್ಕನ ಕೈಯಲ್ಲೇ. ಹಸಿ ಪೈರು ಹೊತ್ತಿಕೊಳ್ಳದೆ ಹೊಗೆಯಾಡುತ್ತಿರುವಾಗ, ನಾಳೆಯಿಂದ ಬರಬೇಡ ಎಂದೆ.

"ಯಾವ ಸಾಲಲ್ಲಿ ಖಾಲಿ ಬುಟ್ಟಿದ್ದೆ ಸಾ?"

ನಿಜ ಹೇಳಿದರೆ ನನ್ನ ಸುಳ್ಳು ಮೇಡಂ ಕಿವಿಗೆ ಬೀಳುತ್ತದೆ. "ಏಳನೇ ಸಾಲು" ಎಂದೆ.

ಅವಳು ಬರಿಮಣ್ಣಿನಲ್ಲಿ ಎಣಿಸಿಕೊಂಡು ಏಳನೇ ಸಾಲಿಗೆ ಹೋಗಿ, ಬಗ್ಗಿ ಒಂದೊಂದು ಗುಣಿಯನ್ನೂ ಮುಟ್ಟಿ ನೋಡಿದಳು. "ಎಲ್ಲಾ ತುಂಬ್ಸಿದ್ದೆ ಅನ್ಕಂಡಿದ್ದೆ" ಎಂದು ತನಗೆ ತಾನೇ ಹೇಳಿಕೊಂಡಳು. ನಾನು ಬೇಲಿಗೆ ಬೀಗ ಹಾಕಲು ಕಾಯುತ್ತಾ ನಿಂತಿದ್ದೆ.

ಮುಂದಿನ ವರ್ಷ ನನ್ನ ಕೆಲಸ ಕಾಯಂ ಆಯಿತು. ಮುದ್ದಕ್ಕ ಮಗನ ಹಟ್ಟಿಯಲ್ಲಿ ಮುದ್ದೆಗೆ ಕೈಯೊಡ್ಡುತ್ತಾ ಇನ್ನೆರಡು ಮಳೆಗಾಲ ಬದುಕಿದ್ದಳಂತೆ. ಕೆಲಸ ಯಾಕೆ ಹೋಯಿತೆಂದು ಕೇಳಿದವರಿಗೆಲ್ಲ, "ಏಳನೇ ಸಾಲಲ್ಲಿ ತೆಪ್ಪು ನಂದೇ ಕಣಪ್ಪ, ಆವಯ್ಯ ಮೊದ್ಲೇ ಹೇಳಿತ್ತು" ಎನ್ನುತ್ತಿದ್ದಳಂತೆ.